ಮನೆಯ ಹಿಂದಿನ ಐದು ಟೈರುಗಳು

(ಮಳೆಗಾಲಕ್ಕೆ ಮುನ್ನ ನಮ್ಮ ಬಳಗವು ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನಿಯೊಬ್ಬನನ್ನು ಮಾತಿಗೆ ಕರೆದರೆ ಆತ ಮಣ್ಣು, ಗೊಬ್ಬರ, ಕೊಳೆರೋಗಗಳ ಬಗ್ಗೆ ಹೇಳುತ್ತಾನೆಂದು ತಾವು ನಿರೀಕ್ಷಿಸುವುದು ಸಹಜ. ನಾನು ಇಂದು ಆಯ್ದುಕೊಂಡಿರುವ ವಿಷಯ ವಾಹನದ ಟೈರು. ಕೆಲವರ ಮುಖದಲ್ಲಿ ನಗು ಕಾಣುತ್ತಿದೆ. ಆದರೆ ಈ ಸಭೆಗೆ ಬಂದಿರುವವರಲ್ಲಿ ಮನೆಯ ಹಿಂದೆ, ಕೊಟ್ಟಿಗೆಯ ಮಾಡಿನಡಿ ಅಥವಾ ತೋಟದ ಅಂಚಿನಲ್ಲಿ ಒಂದಾದರೂ ಹಳೆಯ ಟೈರು ಇಲ್ಲದವರು ಎಷ್ಟು ಮಂದಿ? ಕೈ ಎತ್ತುವವರು ಹೆಚ್ಚಿರಲಾರರು. ನಾನಂತೂ ಕೈ ಎತ್ತುವ ಸ್ಥಿತಿಯಲ್ಲಿರಲಿಲ್ಲ.

ನಮ್ಮ ಅಜ್ಜಂದಿರ ಕಾಲದಲ್ಲಿ ಅಂಗಳದಲ್ಲಿ ನಿಲ್ಲುತ್ತಿದ್ದುದು ಎತ್ತಿನ ಗಾಡಿ. ಅದರ ಗಾಲಿ ಮರದ್ದು, ಸುತ್ತ ಕಬ್ಬಿಣದ ಪಟ್ಟಿ. ಗಾಲಿ ಮುರಿದರೆ ಮರವು ಬಚ್ಚಲ ಒಲೆಗೆ ಹೋಗುತ್ತಿತ್ತು, ಕಬ್ಬಿಣವು ಕಮ್ಮಾರನ ಕುಲುಮೆಗೆ ಹಿಂದಿರುಗುತ್ತಿತ್ತು. ಹಿಂದೆ ಏನೂ ಉಳಿಯುತ್ತಿರಲಿಲ್ಲ. ಟೈರು ಹಾಗಲ್ಲ. ಅದನ್ನು ಒಲೆಗೆ ಹಾಕುವಂತಿಲ್ಲ, ಗೊಬ್ಬರದ ಗುಂಡಿಗೆ ಹಾಕಿದರೆ ಕರಗದು, ಹೂಳಿದರೆ ಮೊಮ್ಮಕ್ಕಳ ಕಾಲಕ್ಕೆ ಹಾಗೆಯೇ ಮೇಲೆದ್ದು ಬರುತ್ತದೆ. ಮಲೆನಾಡಿನ ಒಳದಾರಿಗಳಿಗೆ ಜೀಪು, ಪಿಕಪ್ಪು, ಕಾರು, ಬೈಕುಗಳು ಬಂದವು. ಅವುಗಳಿಂದ ನಮಗೆ ಆಗಿರುವ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವು ಬಿಟ್ಟುಹೋಗುವುದನ್ನು ಏನು ಮಾಡಬೇಕೆಂಬ ವಿವೇಕ ಮಾತ್ರ ಅವುಗಳ ಜೊತೆ ಬರಲಿಲ್ಲ.

ನನ್ನ ಮನೆಯ ಐದು ಟೈರುಗಳ ವೃತ್ತಾಂತವನ್ನೇ ತಮ್ಮ ಮುಂದಿಡುತ್ತೇನೆ. ಅದರಲ್ಲಿ ನನ್ನ ಜಾಣತನಕ್ಕಿಂತ ನನ್ನ ತಪ್ಪುಗಳೇ ಹೆಚ್ಚಾಗಿವೆ.

ಕೆಲವು ವರ್ಷಗಳ ಹಿಂದೆ ನನ್ನ ಜೀಪಿನ ನಾಲ್ಕು ಟೈರುಗಳನ್ನು ಬದಲಿಸಿದೆ. ಹಳೆಯವನ್ನು ಇಲ್ಲೇ ಬಿಟ್ಟುಹೋಗಿ ಎಂದು ಅಂಗಡಿಯವರು ಹೇಳಿದರು. ಯಾವ ವಸ್ತುವನ್ನೂ ಎಸೆಯಲು ಮನಸ್ಸು ಬಾರದ ಮನೆತನದಲ್ಲಿ ಬೆಳೆದವನು ನಾನು. ‘ಎಂದಾದರೂ ಬೇಕಾದೀತು’ ಎಂದು ನಾಲ್ಕನ್ನೂ ಜೀಪಿನ ಹಿಂದೆ ಹಾಕಿಕೊಂಡು ಬಂದೆ. ಎರಡನ್ನು ರಸಮೇವಿನ ಗುಂಡಿಯ ಪ್ಲಾಸ್ಟಿಕ್ ಹೊದಿಕೆ ಹಾರದಂತೆ ಮೇಲೆ ಹೇರಿದೆ. ಇನ್ನೆರಡು ಬಚ್ಚಲುಮನೆಯ ಹಿಂದೆ, ಹೂವಿನ ಗಿಡ ನೆಡಬಹುದೆಂಬ ನೆಪದಲ್ಲಿ ಬಿದ್ದುಕೊಂಡವು. ಐದನೆಯದಾದ ಸ್ಟೆಪ್ನಿಯನ್ನು ಬದಲಿಸಲೇ ಇಲ್ಲ. ಅದು ನೆಲ ಮುಟ್ಟಿದ್ದೇ ಕಡಿಮೆ. ನೋಡಲು ಹೊಸದರಂತೆಯೇ ಇತ್ತು.

ಸ್ಟೆಪ್ನಿಯ ಪಾಠ

ಸ್ಟೆಪ್ನಿ ಎಂಬ ಪದವನ್ನು ನಾವು ದಿನವೂ ಬಳಸುತ್ತೇವೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಇಬ್ಬರು ಸಹೋದರರು ಹೆಚ್ಚುವರಿ ಚಕ್ರವನ್ನು ತಯಾರಿಸಿ ಮಾರಲಾರಂಭಿಸಿದರು. ಆ ಬೀದಿಯ ಹೆಸರು ಆ ದೇಶದಲ್ಲಿ ಮರೆತುಹೋಗುತ್ತ ಬಂದರೂ ನಮ್ಮ ಪಂಚರ್ ಅಂಗಡಿಗಳಲ್ಲಿ ಇಂದಿಗೂ ಉಳಿದಿದೆ.

ಒಂದು ಮಳೆಗಾಲದ ಸಂಜೆ ಬಾಳೆಬರೆ ಘಾಟಿಯ ಮೇಲೆ ನನ್ನ ಜೀಪಿನ ಟೈರು ಪಂಚರಾಯಿತು. ಸ್ಟೆಪ್ನಿ ಹಾಕಿ ಹೊರಟೆ. ಮೂರು ತಿರುವು ಇಳಿಯುವಷ್ಟರಲ್ಲಿ ಆ ‘ಹೊಸ’ ಟೈರಿನ ಮೇಲ್ಪದರವು ಹಲಸಿನ ಮರದ ತೊಗಟೆಯಂತೆ ಸುಲಿದು ಬಂದು ಜೀಪು ಕಣಿವೆಯ ಕಡೆಗೆ ಎಳೆಯಿತು. ವೇಗ ಕಡಿಮೆಯಿದ್ದುದರಿಂದ, ತಡೆಗೋಡೆಯಿದ್ದುದರಿಂದ ನಾನು ಇಂದು ತಮ್ಮ ಮುಂದೆ ನಿಂತಿದ್ದೇನೆ. ಹಿಂದಿನ ಸೀಟಿನಲ್ಲಿ ನನ್ನ ಮಗಳು ಕುಳಿತಿದ್ದಳು. ಮರುದಿನ ಆ ಟೈರಿನ ಮೇಲಿನ ಅಂಕೆಗಳನ್ನು ಓದಿದಾಗ ಅದಕ್ಕೆ ಹನ್ನೊಂದು ವರ್ಷ ತುಂಬಿತ್ತೆಂದು ತಿಳಿಯಿತು.

ಸವೆಯದ ಟೈರು ಕೆಟ್ಟದ್ದು ಹೇಗೆ? ಇದಕ್ಕೆ ರಬ್ಬರಿನ ಸ್ವಭಾವವನ್ನು ಅರಿಯಬೇಕು. ರಬ್ಬರು ಉದ್ದವಾದ ಸರಪಳಿಗಳಂತಿರುವ ಅಣುಗಳಿಂದ ಆಗಿದೆ. ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಈ ಸರಪಳಿಗಳ ನಡುವೆ ಸೇತುವೆಗಳು ಬೆಳೆದು ರಬ್ಬರು ಗಟ್ಟಿಮುಟ್ಟಾಗುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡರು. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದರು. ಇಂದಿನ ಟೈರಿನಲ್ಲಿ ಸಹಜ ರಬ್ಬರು, ಕೃತಕ ರಬ್ಬರು, ಮಸಿಯಂತಹ ಕಾರ್ಬನ್ ಕಪ್ಪು, ಗಂಧಕ, ಸತುವಿನ ಆಕ್ಸೈಡು, ಎಣ್ಣೆ, ಉಕ್ಕಿನ ತಂತಿ, ನೂಲಿನ ಪದರ ಎಲ್ಲವೂ ಇವೆ.

ಈ ಸರಪಳಿಗಳನ್ನು ಕಡಿಯುವ ವೈರಿಗಳು ನಾಲ್ಕು: ಬಿಸಿಲು, ಶಾಖ, ಆಮ್ಲಜನಕ ಮತ್ತು ಓಜೋನ್. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಜೋನ್ ಅನಿಲವೇ ನೆಲದ ಮಟ್ಟದಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಬಿಗಿಯಾಗಿ ಎಳೆದ ರಬ್ಬರನ್ನು ಬಿರುಕುಬಿಡಿಸಬಲ್ಲದು. ಇದನ್ನು ತಡೆಯಲು ತಯಾರಕರು ಟೈರಿನಲ್ಲಿ ಮೇಣವನ್ನೂ ಕೆಲವು ರಕ್ಷಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಟೈರು ಉರುಳುವಾಗ, ಬಾಗಿ ಬಳುಕುವಾಗ, ಇವು ಒಳಗಿನಿಂದ ಮೇಲ್ಮೈಗೆ ಬರುತ್ತಿರುತ್ತವೆ. ನಿಂತೇ ಇರುವ ಟೈರಿಗೆ ಈ ಲಾಭವಿಲ್ಲ. ಆದ್ದರಿಂದಲೇ ಓಡದ ಟೈರು ಉಳಿಯುತ್ತದೆಂಬುದು ಅರ್ಧಸತ್ಯ. ಮೇಲೆ ಬಟನ್ ಆಳವಾಗಿದ್ದರೂ ಒಳಗಿನ ಪದರಗಳ ಬೆಸುಗೆ ಸಡಿಲವಾಗಿರಬಹುದು.

ಬದಲಿಸಬೇಕಾದುದು ಯಾವಾಗ?

ಮೊದಲನೆಯದು ವಯಸ್ಸು. ಟೈರಿನ ಪಕ್ಕೆಯ ಮೇಲೆ ಉದ್ದನೆಯ ಗುರುತಿನ ಕೊನೆಯಲ್ಲಿ ನಾಲ್ಕು ಅಂಕೆಗಳಿರುತ್ತವೆ. ಮೊದಲ ಎರಡು ವರ್ಷದ ಎಷ್ಟನೆಯ ವಾರ ಎಂಬುದನ್ನೂ ಕೊನೆಯ ಎರಡು ಇಸವಿಯನ್ನೂ ಸೂಚಿಸುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ, ಅಂದರೆ ಜೂನ್ ತಿಂಗಳಿನಲ್ಲಿ ತಯಾರಾದದ್ದು. ಹೊರಗಿನ ಪಕ್ಕೆಯಲ್ಲಿ ಕಾಣದಿದ್ದರೆ ಒಳಗಿನ ಪಕ್ಕೆಯಲ್ಲಿ ನೋಡಬೇಕು. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷವೂ ತಿಳಿದವರಿಂದ ಪರೀಕ್ಷಿಸಿಕೊಳ್ಳಬೇಕು. ಹತ್ತು ವರ್ಷವಾದದ್ದನ್ನು, ಸ್ಟೆಪ್ನಿಯಾದರೂ ಸರಿ, ನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಬೇಕೆಂದು ಅನೇಕ ತಯಾರಕರೇ ಹೇಳುತ್ತಾರೆ. ಹೊಸ ಟೈರು ಕೊಳ್ಳುವಾಗಲೂ ಈ ಅಂಕೆಗಳನ್ನು ಓದಿ. ಅಡಿಕೆ ಮಾರುವಾಗ ವ್ಯಾಪಾರಿ ಒಂದೊಂದು ಅಡಿಕೆಯನ್ನೂ ಕತ್ತರಿಸಿ ನೋಡುತ್ತಾನೆ. ಸಾವಿರಾರು ರೂಪಾಯಿ ತೆತ್ತು ಟೈರು ಕೊಳ್ಳುವ ನಾವು ನಾಲ್ಕು ಅಂಕೆಗಳನ್ನು ಓದಲು ಸಂಕೋಚಪಡಬೇಕಾಗಿಲ್ಲ.

ಎರಡನೆಯದು ಸವೆತ. ಗ್ಯಾರೇಜಿನವರು ಬಟನ್ ಎನ್ನುವ ಉಬ್ಬುಗಳ ನಡುವಿನ ಕಾಲುವೆಗಳು ಏಕಿವೆ? ಅಡಿಕೆ ತೋಟದ ಬಸಿಗಾಲುವೆಯನ್ನು ನೆನೆಯಿರಿ. ಬಸಿಗಾಲುವೆ ಹೂಳಿನಿಂದ ತುಂಬಿದರೆ ನೀರು ಹೊರಹೋಗದೆ ಬೇರು ಕೊಳೆಯುತ್ತದೆ. ಟೈರಿನ ಕಾಲುವೆಗಳ ಕೆಲಸವೂ ನೀರನ್ನು ಹೊರದೂಡುವುದೇ. ಅವು ಸವೆದಾಗ ಟೈರಿಗೂ ರಸ್ತೆಗೂ ನಡುವೆ ನೀರಿನ ಪದರ ನಿಂತು, ವಾಹನವು ನೆಲವನ್ನು ಬಿಟ್ಟು ನೀರಿನ ಮೇಲೆ ಜಾರುತ್ತದೆ. ಆಗ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ನಮ್ಮ ಮೋಟಾರು ವಾಹನ ನಿಯಮಗಳು ಕಾರು, ಜೀಪುಗಳಿಗೆ ಕನಿಷ್ಠ 1.6 ಮಿಲಿಮೀಟರ್ ಆಳವನ್ನೂ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 0.8 ಮಿಲಿಮೀಟರ್ ಆಳವನ್ನೂ ಗೊತ್ತುಪಡಿಸಿವೆ. ಟೈರಿನ ಕಾಲುವೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡ ಒಡ್ಡುಗಳಿರುತ್ತವೆ. ಬಟನ್ ಸವೆದು ಈ ಒಡ್ಡಿನ ಸಮಕ್ಕೆ ಬಂದರೆ ಆ ಟೈರಿನ ಕಾಲ ಮುಗಿಯಿತು. ಆದರೆ ಇದು ಇಡೀ ದೇಶಕ್ಕೆ ಹೇಳಿದ ಕನಿಷ್ಠ ಮಿತಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂತಹ ಘಟ್ಟದ ಊರುಗಳಲ್ಲಿರುವವರು 3 ಮಿಲಿಮೀಟರಿಗೇ, ಅದೂ ಮಳೆಗಾಲ ಹಿಡಿಯುವ ಮೊದಲೇ ಬದಲಿಸುವುದು ಲೇಸೆಂಬುದು ನನ್ನ ಸಲಹೆ.

ವಿದ್ಯಾರ್ಥಿಗಳು ಇದನ್ನು ಇಂದೇ ಮನೆಯಲ್ಲಿ ಅಳೆಯಬಹುದು. ಒಂದು ಬೆಂಕಿಕಡ್ಡಿಯನ್ನು ಕಾಲುವೆಯ ತಳ ಮುಟ್ಟುವವರೆಗೆ ನೆಟ್ಟಗೆ ಇಳಿಸಿ, ಬಟನ್ನಿನ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ, ಕಂಪಾಸು ಪೆಟ್ಟಿಗೆಯ ಅಳತೆಪಟ್ಟಿಯ ಮೇಲಿಡಿ. ಒಂದು ಟೈರಿನ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆಯಿರಿ. ನಡು ಹೆಚ್ಚು ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾಗಿದೆ. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಜೋಡಣೆ ತಪ್ಪಿದೆ. ಗಾಳಿಯನ್ನು ತಿಂಗಳಿಗೊಮ್ಮೆ, ವಾಹನ ಓಡಿಸುವ ಮುನ್ನ ಟೈರು ತಣ್ಣಗಿರುವಾಗ ಪರೀಕ್ಷಿಸಬೇಕು. ಸ್ಟೆಪ್ನಿಯನ್ನೂ ಮರೆಯಬಾರದು.

ಮೂರನೆಯದು ಗಾಯ. ಪಕ್ಕೆಯಲ್ಲಿ ಬಾವು ಬಂದಂತೆ ಉಬ್ಬಿದ್ದರೆ ಒಳಗಿನ ನೂಲು ಕಡಿದಿದೆ ಎಂದರ್ಥ. ಅದನ್ನು ಅಂದೇ ಬದಲಿಸಬೇಕು. ಪಕ್ಕೆಯ ತೂತಿಗೆ ಪಂಚರ್ ಹಾಕಿ ನಂಬಬಾರದು. ಒಣಗಿದ ಕೆರೆಯ ತಳದಂತೆ ಬಿರುಕುಗಳ ಜಾಲ ಕಾಣಿಸಿಕೊಂಡರೆ, ತಂತಿ ಇಣುಕಿದರೆ, ಕಾರಣ ತಿಳಿಯದೆ ವಾಹನ ನಡುಗತೊಡಗಿದರೆ ತಡಮಾಡಬಾರದು. ಎರಡನ್ನು ಮಾತ್ರ ಬದಲಿಸುವ ಶಕ್ತಿಯಿದ್ದರೆ ಹೊಸದನ್ನು ಹಿಂದಿನ ಚಕ್ರಗಳಿಗೆ ಹಾಕಿ. ಮುಂದಕ್ಕೆ ಹಾಕಬೇಕೆಂಬುದು ಹಲವರ ನಂಬಿಕೆ. ಆದರೆ ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ವಾಹನವೇ ಸುತ್ತಿಬಿಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಸಾಮಾನ್ಯ ಚಾಲಕನಿಗೆ ಆಗದ ಕೆಲಸ.

ಇಡುವ ಕ್ರಮ

ಇನ್ನೂ ಬಳಸಲಿರುವ ಟೈರನ್ನು ಕೆಲವು ತಿಂಗಳು ತೆಗೆದಿಡಬೇಕಾದ ಸಂದರ್ಭ ಬರುತ್ತದೆ. ಟೈರನ್ನು ಇಡುವುದೂ ಬಿತ್ತನೆಯ ಬೀಜವನ್ನು ಇಡುವುದೂ ಬಹುಮಟ್ಟಿಗೆ ಒಂದೇ: ತಂಪು, ಒಣ, ಕತ್ತಲು. ತಗಡಿನ ಮಾಡಿನ ಕೆಳಗೆ ಬೇಸಗೆಯಲ್ಲಿ ಕಾವು ಏರುತ್ತದೆ. ಅಂಗಳದ ಬಿಸಿಲಂತೂ ಕೂಡದು. ಹೆಂಚಿನ ಮನೆಯ ತಂಪಾದ ಒಳಕೋಣೆ ಉತ್ತಮ.

ಮೊದಲು ಸೋಪಿನ ನೀರಿನಲ್ಲಿ ತೊಳೆದು, ಬಟನ್ನುಗಳ ನಡುವಿನ ಕಲ್ಲು ತೆಗೆದು ಚೆನ್ನಾಗಿ ಒಣಗಿಸಬೇಕು. ಹೊಳಪಿಗೆಂದು ಸೀಮೆಎಣ್ಣೆ ಅಥವಾ ಡೀಸೆಲ್ ಒರೆಸಬಾರದು; ಅವು ರಬ್ಬರನ್ನು ಉಬ್ಬಿಸಿ ಮೆತುಗೊಳಿಸುತ್ತವೆ. ಪೂರ್ತಿ ಒಣಗಿದ ಮೇಲೆ ದಪ್ಪ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿಟ್ಟರೆ ಒಳ್ಳೆಯದು. ಹಸಿಯಿರುವಾಗ ಸುತ್ತಿದರೆ ನಮ್ಮ ಹವೆಯಲ್ಲಿ ಒಳಗೇ ನೀರು ನಿಲ್ಲುತ್ತದೆ. ರಿಮ್ ಇಲ್ಲದ ಟೈರನ್ನು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ತಿಂಗಳಿಗೊಮ್ಮೆ ತುಸು ಉರುಳಿಸಿ ನೆಲ ಮುಟ್ಟುವ ಭಾಗವನ್ನು ಬದಲಿಸಬೇಕು, ಮೊಳೆಗೆ ನೇತುಹಾಕಬಾರದು. ರಿಮ್ ಸಹಿತವಿದ್ದರೆ ಒಂದರ ಮೇಲೊಂದು ಮಲಗಿಸಬಹುದು. ಮಳೆಗಾಲವಿಡೀ ಕಾರನ್ನು ನಿಲ್ಲಿಸಿಡುವವರು ಗಾಳಿ ಸರಿಯಾಗಿಟ್ಟು, ಆಗಾಗ ಸ್ವಲ್ಪ ದೂರ ಓಡಿಸಬೇಕು. ಇಲ್ಲದಿದ್ದರೆ ಭಾರ ಒಂದೇ ಕಡೆ ಬಿದ್ದು ಟೈರು ಅಲ್ಲಿ ಚಪ್ಪಟೆಯಾಗುತ್ತದೆ.

ಎಲ್ಲಿ ಇಡಬಾರದು? ವೆಲ್ಡಿಂಗ್ ನಡೆಯುವಲ್ಲಿ, ಬ್ಯಾಟರಿ ಚಾರ್ಜ್ ಮಾಡುವಲ್ಲಿ, ಕಿಡಿ ಹಾರುವ ಮೋಟಾರುಗಳ ಬಳಿ ಇಡಬಾರದು. ಅಲ್ಲಿ ಓಜೋನ್ ಹುಟ್ಟುತ್ತದೆ. ಒಲೆಯ ಪಕ್ಕದಲ್ಲಿ, ಡೀಸೆಲ್ ಡಬ್ಬಿಯ ಪಕ್ಕದಲ್ಲಿ ಇಡಬಾರದು. ಇನ್ನೊಂದು ಜಾಗವಿದೆ, ಅದನ್ನು ಅಡಿಕೆ ಬೆಳೆಗಾರರಿಗೆ ವಿಶೇಷವಾಗಿ ಹೇಳಬೇಕು: ಮೈಲುತುತ್ತದ ಚೀಲ ಇಡುವ ಕೋಣೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್ ನಮ್ಮ ತೋಟಗಳಿಗೆ ತೋರಿಸಿಕೊಟ್ಟರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ನಮ್ಮೆಲ್ಲರ ಬಾಯಲ್ಲಿದೆ. ಆ ಮೈಲುತುತ್ತದಲ್ಲಿರುವ ತಾಮ್ರವು ಬೂಷ್ಟನ್ನು ಕೊಲ್ಲುವಂತೆಯೇ ರಬ್ಬರಿಗೂ ವಿಷ. ಅತ್ಯಲ್ಪ ತಾಮ್ರವೂ ಸಹಜ ರಬ್ಬರು ಆಮ್ಲಜನಕದೊಡನೆ ಸೇರಿ ಹಾಳಾಗುವ ಕ್ರಿಯೆಯನ್ನು ತೀವ್ರಗೊಳಿಸುತ್ತದೆ. ಆದ್ದರಿಂದ ಟೈರು, ಟ್ಯೂಬು, ಪಂಪಿನ ರಬ್ಬರ್ ಕೊಳವೆಗಳನ್ನು ಆ ಚೀಲಗಳಿಂದ ದೂರವಿಡಿ. ಔಷಧಿ ಹೊಡೆದ ದಿನ ಪಿಕಪ್ಪಿನ ಟೈರಿಗೆ ದ್ರಾವಣ ಸಿಡಿದಿದ್ದರೆ ತೊಳೆದುಬಿಡಿ.

ಬಚ್ಚಲಿನ ಹಿಂದಿನ ಎರಡು ಟೈರುಗಳು

ಇನ್ನು ಬಚ್ಚಲುಮನೆಯ ಹಿಂದಿನ ಟೈರುಗಳ ಕಡೆಗೆ ಬರುತ್ತೇನೆ. ಒಂದು ಆಷಾಢದಲ್ಲಿ ನಮ್ಮ ಕೇರಿಯಲ್ಲಿ ಸಾಲಾಗಿ ಜ್ವರ ಕಾಣಿಸಿಕೊಂಡಿತು. ಮೈಕೈ ಮುರಿಯುವ ನೋವು, ಕಣ್ಣುಗುಡ್ಡೆಯ ಹಿಂದೆ ನೋವು. ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದಾಯಿತು. ನೆರೆಮನೆಯ ಹುಡುಗಿಯೊಬ್ಬಳು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಕಾಡಿನ ಕಡೆಯಿಂದ ಬಂದ ಸೊಳ್ಳೆ ಎಂದು ನಾವೆಲ್ಲ ಮಾತನಾಡಿಕೊಂಡೆವು. ಆಶಾ ಕಾರ್ಯಕರ್ತೆಯೊಡನೆ ಲಾರ್ವಾ ಸಮೀಕ್ಷೆಗೆ ಹೊರಟ ಶಾಲಾ ಮಕ್ಕಳು ಮನೆಮನೆ ಹುಡುಕಿದರು. ನಮ್ಮ ಮನೆಗೆ ಬಂದಾಗ ಏಳನೆಯ ತರಗತಿಯ ಬಾಲಕನೊಬ್ಬ ಬಚ್ಚಲಿನ ಹಿಂದಿನಿಂದ ‘ಸರ್, ಇಲ್ಲಿ ನೋಡಿ’ ಎಂದು ಕೂಗಿದ. ಟೈರಿನೊಳಗಿನ ಕಪ್ಪು ನೀರಿನಲ್ಲಿ ಸೊಳ್ಳೆಮರಿಗಳು ಮಿಸುಕಾಡುತ್ತಿದ್ದವು. ಅಂದು ತಲೆ ತಗ್ಗಿಸಿದಷ್ಟು ನಾನು ಯಾವ ಪರೀಕ್ಷೆಯಲ್ಲಿಯೂ ತಗ್ಗಿಸಿರಲಿಲ್ಲ. ಆ ಹುಡುಗಿಗೆ ಜ್ವರ ತಂದದ್ದು ನನ್ನ ಟೈರಿನ ಸೊಳ್ಳೆಯೇ ಎಂದು ಯಾರೂ ಸಾಧಿಸಲಾರರು. ಅಲ್ಲವೆಂದು ನಾನೂ ಸಾಧಿಸಲಾರೆ.

ಡೆಂಗಿಯನ್ನು ಹರಡುವ ಏಡಿಸ್ ಸೊಳ್ಳೆಗೆ ಟೈರಿಗಿಂತ ಹಿತವಾದ ತಾಣ ಇಲ್ಲ. ಕಪ್ಪು ಬಣ್ಣ, ನೆರಳು, ಕೊಳೆತ ಎಲೆ, ಕದಲದ ನೀರು. ಟೈರಿನ ಸುತ್ತುಗಾಲುವೆಯಿಂದ ನೀರನ್ನು ಎಷ್ಟು ಬಗ್ಗಿಸಿದರೂ ತುಸು ಉಳಿದೇ ಉಳಿಯುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ನೀರು ಆರಿದರೂ ಒಳಗೋಡೆಗೆ ಅಂಟಿದ ಮೊಟ್ಟೆಗಳು ಹಲವು ತಿಂಗಳು ಜೀವ ಹಿಡಿದಿದ್ದು ಮುಂದಿನ ಮಳೆಗೆ ಒಡೆಯುತ್ತವೆ. ಏಷ್ಯಾದ ಹುಲಿಸೊಳ್ಳೆ ಎನಿಸಿದ ಏಡಿಸ್ ಆಲ್ಬೋಪಿಕ್ಟಸ್ 1985ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬೀಡುಬಿಟ್ಟಿರುವುದು ಪತ್ತೆಯಾಯಿತು. ಅದು ಸಮುದ್ರ ದಾಟಿದ್ದು ಏಷ್ಯಾದಿಂದ ಹಡಗಿನಲ್ಲಿ ಹೋದ ಹಳೆಯ ಟೈರುಗಳ ಮೂಲಕ. ಈ ಸೊಳ್ಳೆ ನಮ್ಮ ತೋಟಗಳಿಗೆ ಹೊಸದಲ್ಲ. ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ತೋಟದ ಹಾಲಿನ ಬಟ್ಟಲಿನಲ್ಲಿ ಅದು ಮರಿ ಮಾಡುತ್ತದೆ. ಹಾಲು ಹಿಡಿಯುವ ಬಟ್ಟಲಿನಲ್ಲಿಯೂ ಸೊಳ್ಳೆ, ಆ ಹಾಲಿನಿಂದಾದ ಟೈರಿನಲ್ಲಿಯೂ ಸೊಳ್ಳೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಉಣುಗು ಹರಡುತ್ತದೆ. ಕಾಡಿನೊಡನೆ ಬದುಕುವ ನಾವು ಅದರೊಡನೆ ಬಹುಕಾಲ ಹೋರಾಡುತ್ತ ಬಂದಿದ್ದೇವೆ. ಡೆಂಗಿಯ ಸೊಳ್ಳೆಯನ್ನಾದರೋ ನಾವೇ ಅಂಗಳದಲ್ಲಿ ಸಾಕುತ್ತಿದ್ದೇವೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಅವಕಾಶ ಕೊಡುವ ಗ್ರಾಮೀಣ ಮನೆಗಳಿಗೆ 200 ರೂಪಾಯಿ, ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನು ನಿಗದಿಪಡಿಸಿತು. ದಂಡದ ಭಯಕ್ಕಿಂತ ನೆರೆಮನೆಯ ಮಗುವಿನ ನೆನಪು ನಮ್ಮನ್ನು ಎಚ್ಚರಿಸಬೇಕು. ಶಾಲೆಯ ಜೋಕಾಲಿಗೆ ಕಟ್ಟಿದ ಟೈರಿದ್ದರೆ ಅದರ ಅಡಿಭಾಗದಲ್ಲಿ ನೀರು ಬಸಿಯುವಂತೆ ಮೂರು ನಾಲ್ಕು ತೂತು ಕೊರೆಯಿರಿ. ಹೊರಗಿರುವ ಟೈರನ್ನು ಮಾಡಿನಡಿಗೆ ತನ್ನಿ. ನೀರು ನಿಂತಿದ್ದರೆ ಚೆಲ್ಲಿ, ಒಳಗೋಡೆಯನ್ನು ಉಜ್ಜಿ ತೊಳೆಯಿರಿ.

ಹಸುವಿನ ಹೊಟ್ಟೆಯ ತಂತಿ

ರಸಮೇವಿನ ಮೇಲೆ ಹೇರಿದ ಎರಡು ಟೈರುಗಳ ಕತೆಯನ್ನು ಹೇಳುವುದು ನನಗೆ ಕಷ್ಟ. ಬಿಸಿಲು ಮಳೆಗೆ ಅವುಗಳ ಅಂಚು ಹರಿದು ಒಳಗಿನ ಉಕ್ಕಿನ ತಂತಿಯ ಚೂರುಗಳು ಮೇವಿಗೆ ಉದುರಿದ್ದವು. ಹಸು ಮೇವನ್ನು ಆಯ್ದು ತಿನ್ನುವ ಪ್ರಾಣಿಯಲ್ಲ. ನಾಲಿಗೆಯಿಂದ ಸುತ್ತಿ ಎಳೆದು ನುಂಗುತ್ತದೆ. ನುಂಗಿದ ತಂತಿ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ಒಂದು ಪರದೆ. ನಮ್ಮ ತಾಯಿಯವರು ಕರುವಾಗಿದ್ದಾಗಿನಿಂದ ಸಾಕಿದ ಹಸು ಮೇವು ಬಿಟ್ಟಿತು, ಬೆನ್ನು ಬಾಗಿಸಿ ನಿಂತಿತು, ಗಂಗೆದೊಗಲು ಊದಿಕೊಂಡಿತು. ಪಶುವೈದ್ಯರು ಬಂದಾಗ ಕಾಲ ಮೀರಿತ್ತು. ಅದರ ಹೃದಯದ ಚೀಲದಲ್ಲಿ ಸಿಕ್ಕ ತಂತಿ ನನ್ನ ಕಿರುಬೆರಳಿನಷ್ಟೂ ಉದ್ದವಿರಲಿಲ್ಲ. ತಾಯಿಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಮೌನ ಇಂದಿಗೂ ನನ್ನೊಡನಿದೆ. ರಸಮೇವಿನ ಮೇಲೆ ಮರಳಿನ ಚೀಲ ಹೇರಿ, ಮಣ್ಣು ಹೇರಿ, ಕಲ್ಲು ಹೇರಿ; ಟೈರು ಬೇಡ.

ತರಕಾರಿಯನ್ನೂ ಟೈರಿನಲ್ಲಿ ಬೆಳೆಯಬೇಡಿ. ಟೈರಿನ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಸತುವಿನ ಆಕ್ಸೈಡು ಇರುತ್ತದೆ. ಸತು ಗಿಡಕ್ಕೆ ಬೇಕಾದ ಪೋಷಕಾಂಶವೇ, ನಾವೇ ಅದನ್ನು ಸಲ್ಫೇಟಿನ ರೂಪದಲ್ಲಿ ತೋಟಕ್ಕೆ ಕೊಡುತ್ತೇವೆ. ಆದರೆ ಪ್ರಮಾಣ ಮೀರಿದರೆ ಅದೇ ವಿಷ, ಮತ್ತು ನಮ್ಮಂತಹ ಹುಳಿಮಣ್ಣಿನಲ್ಲಿ ಅದು ಬೇಗ ಕರಗುತ್ತದೆ.

ಸುಡುವುದು ಪರಿಹಾರವಲ್ಲ

ಹಾಗಾದರೆ ಸುಟ್ಟುಬಿಡೋಣ ಎಂದರೆ? ಟೈರಿನ ಕಪ್ಪು ಹೊಗೆಯಲ್ಲಿ ಬೆಂಜೀನ್ ಮತ್ತು ಕ್ಯಾನ್ಸರ್ ತರಬಲ್ಲ ಅನೇಕ ಸಂಯುಕ್ತಗಳಿರುತ್ತವೆ. ಉರಿಯುವಾಗ ಜಿನುಗುವ ಎಣ್ಣೆ ಮಣ್ಣಿಗೂ ಹಳ್ಳಕ್ಕೂ ಇಳಿಯುತ್ತದೆ. ಕೆನಡಾದ ಹೇಗರ್ಸ್‌ವಿಲ್ ಎಂಬಲ್ಲಿ 1990ರ ಫೆಬ್ರವರಿಯಲ್ಲಿ ಒಂದು ಕೋಟಿಗೂ ಹೆಚ್ಚು ಟೈರುಗಳ ರಾಶಿಗೆ ಬೆಂಕಿ ಬಿದ್ದು 17 ದಿನ ಉರಿಯಿತು. ನಮ್ಮ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ 5,000 ರೂಪಾಯಿ, ದೊಡ್ಡ ಪ್ರಮಾಣದ್ದಾದರೆ 25,000 ರೂಪಾಯಿ ದಂಡ ವಿಧಿಸಿತು.

ಇಲ್ಲಿ ನಮ್ಮವರಿಗೇ ಒಂದು ಮಾತು ಹೇಳಬೇಕಾಗಿದೆ, ಅಪ್ರಿಯವಾದರೂ ಸೈರಿಸಬೇಕು. ರಸ್ತೆತಡೆ ಎಂದರೆ ಟೈರು ಸುಡುವುದು ಎಂಬ ರೂಢಿ ನಮ್ಮ ನಾಡಿನಲ್ಲಿ ಬೇರೂರಿದೆ. ಹೊಳೆಯನ್ನು ಉಳಿಸಿ, ಕಾಡನ್ನು ಉಳಿಸಿ ಎಂದು ಘೋಷಣೆ ಕೂಗುವ ಸಭೆಯ ಅಂಚಿನಲ್ಲಿಯೂ ಟೈರು ಹೊಗೆಯಾಡಿದ್ದನ್ನು ನಾನು ಕಂಡಿದ್ದೇನೆ. ಆ ಹೊಗೆಯನ್ನು ಮೊದಲು ಕುಡಿಯುವವರು ಮುಂದಿನ ಸಾಲಿನಲ್ಲಿ ಕುಳಿತ ನಮ್ಮ ಮಕ್ಕಳು ಮತ್ತು ಮುದುಕರು. ಇನ್ನು ಮುಂದೆ ನಮ್ಮ ಬಳಗದ ಯಾವ ಕಾರ್ಯಕ್ರಮದಲ್ಲಿಯೂ ಟೈರು ಸುಡುವುದಿಲ್ಲವೆಂಬ ನಿರ್ಧಾರವನ್ನು ಈ ಶಿಬಿರ ಕೈಗೊಳ್ಳಬೇಕೆಂದು ಕೋರುತ್ತೇನೆ.

ಓಡುವ ಟೈರೂ ಹಳ್ಳವನ್ನು ಮುಟ್ಟುತ್ತದೆ. ಕಾರಿನ ಒಂದು ಟೈರು ತನ್ನ ಆಯುಸ್ಸಿನಲ್ಲಿ ಸುಮಾರು ಒಂದು ಕಿಲೋದಷ್ಟು ಸವೆಯುತ್ತದೆ. ಆ ಪುಡಿ ಮೊದಲ ಮಳೆಗೆ ಚರಂಡಿಯ ಮೂಲಕ ನೀರಿಗೆ ಸೇರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಳೆಯ ನಂತರ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದುದಕ್ಕೆ, ಓಜೋನಿನಿಂದ ಟೈರನ್ನು ಕಾಯಲು ಬೆರೆಸಿದ ರಾಸಾಯನಿಕವೇ ಓಜೋನಿನೊಡನೆ ಸೇರಿ ಮಾರ್ಪಟ್ಟು ವಿಷವಾಗುತ್ತಿರುವುದು ಕಾರಣವೆಂದು 2020ರಲ್ಲಿ ವಿಜ್ಞಾನಿಗಳು ಪತ್ತೆಹಚ್ಚಿದರು. ಗಾಳಿ ಸರಿಯಾಗಿಟ್ಟು, ಚಕ್ರಗಳ ಜೋಡಣೆ ಸರಿಪಡಿಸಿ, ನಿಧಾನವಾಗಿ ಓಡಿಸಿದರೆ ಸವೆತ ಕಡಿಮೆ. ಅಷ್ಟರಮಟ್ಟಿಗೆ ನಮ್ಮ ಹಳ್ಳಗಳಿಗೂ ಉಪಕಾರ.

ಮಾಡಬೇಕಾದುದು

ಕೊನೆಯದಾಗಿ, ಹಳೆಯ ಟೈರಿನ ದಾರಿ ಯಾವುದು? ಹೊಸದನ್ನು ಕೊಂಡಾಗ ಹಳೆಯದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ. ಮೈಕಟ್ಟು ಗಟ್ಟಿಯಿರುವ ಲಾರಿ, ಬಸ್ಸಿನ ಟೈರಿಗೆ ರೀಸೋಲ್ ಮಾಡಿಸಬಹುದು. ಸಾರಿಗೆ ಸಂಸ್ಥೆಗಳು ಬಹುಕಾಲದಿಂದ ಹಾಗೆಯೇ ಮಾಡುತ್ತಿವೆ. ಕೇಂದ್ರ ಪರಿಸರ ಸಚಿವಾಲಯವು 2022ರ ಜುಲೈ 21ರಂದು ಹೊರಡಿಸಿದ ನಿಯಮಗಳ ಪ್ರಕಾರ ಬಳಸಿ ಬಿಟ್ಟ ಟೈರುಗಳ ಮರುಬಳಕೆಯ ಹೊಣೆ ತಯಾರಕರದು ಮತ್ತು ಆಮದುದಾರರದು. ಎರಡು ವರ್ಷಗಳ ಹಿಂದೆ ತಯಾರಿಸಿದ ಪ್ರಮಾಣದ ಮೇಲೆ 2022-23ರಲ್ಲಿ ಶೇ. 35, ಮರುವರ್ಷ ಶೇ. 70, 2024-25ರಿಂದ ಶೇ. 100 ಎಂದು ಗುರಿಯಿಡಲಾಯಿತು. ಕಾಗದದ ಮೇಲೆ ವ್ಯವಸ್ಥೆ ಇದೆ. ಆದರೆ ನಮ್ಮ ಬಚ್ಚಲಿನ ಹಿಂದಿನಿಂದ ತಾಲ್ಲೂಕು ಕೇಂದ್ರದವರೆಗಿನ ದಾರಿಯನ್ನು ಯಾರೂ ಹಾಕಿಕೊಟ್ಟಿಲ್ಲ. ಅದನ್ನು ನಾವು ಹಾಕಬೇಕು.

ನನ್ನ ಕೋರಿಕೆ ಇಷ್ಟೆ. ರೋಹಿಣಿ ಮಳೆ ಮುಗಿದು ಮೃಗಶಿರೆ ಹಿಡಿಯುವ ಮೊದಲು ಪ್ರತಿ ಊರಿನಲ್ಲಿಯೂ ವಿದ್ಯಾರ್ಥಿಗಳು ಟೈರು ಎಣಿಕೆ ಮಾಡಲಿ. ಮನೆಯಲ್ಲಿ ಎಷ್ಟು, ಎಲ್ಲಿ, ನೀರು ನಿಂತಿದೆಯೆ ಎಂಬ ಮೂರು ಪ್ರಶ್ನೆ ಸಾಕು. ಬಳಕೆಯ ವಾಹನಗಳ ನಾಲ್ಕು ಅಂಕೆಗಳನ್ನೂ ಬಟನ್ನಿನ ಆಳವನ್ನೂ ಬರೆದುಕೊಂಡು ಮನೆಯವರಿಗೆ ಓದಿ ಹೇಳಲಿ. ಬೇಡವಾದ ಟೈರುಗಳನ್ನು ಒಂದು ಕಡೆ ಮಾಡಿನಡಿ ಸೇರಿಸಿ, ಗ್ರಾಮ ಪಂಚಾಯಿತಿಯ ಮೂಲಕ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವಂತೆ ಒತ್ತಾಯಿಸೋಣ. ಅದಕ್ಕೆ ಬೇಕಾದ ಅರ್ಜಿಯನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಪಿಕಪ್ಪು ಇರುವವರು ಒಂದು ದಿನ ವಾಹನ ಕೊಟ್ಟರೆ ಸಾಕು.

ನನ್ನ ಮನೆಯ ಹಿಂದೆ ಈಗ ಟೈರಿಲ್ಲ. ಬಚ್ಚಲಿನ ಹಿಂದಿನ ಆ ಜಾಗದಲ್ಲಿ ತಾಯಿಯವರು ಕೆಸುವಿನ ಗಡ್ಡೆ ನೆಟ್ಟಿದ್ದಾರೆ. ಅಂದು ನನ್ನನ್ನು ಕೂಗಿ ಕರೆದ ಬಾಲಕ ಈಗ ಹೈಸ್ಕೂಲಿನಲ್ಲಿದ್ದಾನೆ. ಈ ಸಭೆಯಲ್ಲಿಯೂ ಕುಳಿತಿದ್ದಾನೆ. ಈ ವರ್ಷದ ಎಣಿಕೆಯನ್ನು ಅವನೇ ಆರಂಭಿಸಲಿ, ಮತ್ತು ನನ್ನ ಮನೆಯಿಂದಲೇ ಆರಂಭಿಸಲಿ.